ಗುಡ್ಡದ ಮೇಲಿನ ಬಿಳಿ ಬಾವುಟ

ಅವಳನ್ನು ಹೆಸರು ಹಿಡಿದು ಕರೆಯುವವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಅಮ್ಮ ಇದ್ದಷ್ಟು ದಿನ ಕರೆಯುತ್ತಿದ್ದಳು. ಅಮ್ಮನ ಹಿಂದೆಯೇ ಆ ಹೆಸರೂ ಹೋಯಿತು. ಅಣ್ಣನಿಗೆ ಅವಳು 'ಏ ತಂಗಿ'. ಉಳಿದವರಿಗೆಲ್ಲ ಬಾವುಟದಕ್ಕ. ಹಲ್ಲು ಬಿದ್ದ ಮುದುಕರೂ ಗುಡ್ಡದ ಕಡೆ ಕತ್ತೆತ್ತಿ, "ಏನಕ್ಕಾ, ಇವತ್ತು ಕಡಲು ಏನಂತೆ?" ಎಂದು ಕೂಗುತ್ತಿದ್ದರು. ಅವಳು ಬಾಯಿಂದ ಉತ್ತರ ಕೊಡುತ್ತಿರಲಿಲ್ಲ. ಕಂಬದ ಹಗ್ಗ ಎಳೆಯುತ್ತಿದ್ದಳು.

ಕೊಲ್ಲಿಯ ಎಡಗಡೆಗೆ, ನೀರಿನೊಳಕ್ಕೆ ಮೊಣಕೈ ಚಾಚಿದಂತೆ ಒಂದು ಗುಡ್ಡ. ಅದರ ನೆತ್ತಿಯಲ್ಲಿ ತಗಡಿನ ಗೂಡು. ಮುಂದಿನ ಗೋಡೆಯ ಉದ್ದಕ್ಕೂ ಕಿಟಕಿ. ಅದಕ್ಕೆ ಗಾಜಿಲ್ಲ, ಯಾಕೆಂದರೆ ಗಾಜು ಬಿಸಿಲನ್ನು ತಿರುಗಿಸಿ ಕಣ್ಣಿಗೆ ಎರಚುತ್ತದೆ. ಎತ್ತರದ ಸ್ಟೂಲು, ಮೂಲೆಯಲ್ಲಿ ಚಹಾದ ಫ್ಲಾಸ್ಕು, ಮೊಳೆಗೆ ನೇತುಹಾಕಿದ ದುರ್ಬೀನು, ಬಲಗೈಗೆ ಎಟಕುವಂತೆ ಸೈರನ್ನಿನ ಕೆಂಪು ಗುಂಡಿ. ಹೊರಗೆ ಕಂಬ, ಕಂಬದ ಬುಡದ ಪೆಟ್ಟಿಗೆಯಲ್ಲಿ ಮೂರು ಬಾವುಟ. ಹಸಿರು ಏರಿದರೆ ನೀರು ತಿಳಿಯಾಗಿದೆ, ಶಾರ್ಕ್ ಕಾಣುತ್ತಿಲ್ಲ, ಈಜಬಹುದು. ಕಪ್ಪು ಏರಿದರೆ ನೀರು ಕಲಕಿದೆ, ತಳ ಕಾಣುತ್ತಿಲ್ಲ, ಇಳಿಯಬೇಡಿ. ಬಿಳಿ ಏರಿ ಸೈರನ್ ಕೂಗಿತೆಂದರೆ ಶಾರ್ಕ್ ಕಂಡಿದೆ, ಇದ್ದಬದ್ದವರೆಲ್ಲ ದಡಕ್ಕೆ.

"ಮೂರೇ ಮಾತು ಬಲ್ಲ ಹೆಂಗಸು," ಎಂದು ಅಣ್ಣ ಛೇಡಿಸುತ್ತಿದ್ದ. "ನಿನ್ನ ಕಟ್ಟಿಕೊಂಡವನು ಪುಣ್ಯವಂತ ಆಗ್ತಿದ್ದ. ಪಾಪ, ಒಬ್ಬನಿಗೂ ಆ ಯೋಗ ಬರಲಿಲ್ಲ."

"ನಿನ್ನ ಮಾತೆಲ್ಲ ಕೇಳಿಸಿಕೊಂಡ ಕಿವಿಗೆ ಇನ್ನೊಬ್ಬನದು ಹಿಡಿಸೋದಿಲ್ಲ ಬಿಡು," ಎನ್ನುತ್ತಿದ್ದಳು ಅವಳು.

ನೋಡುವ ಕೆಲಸ ಸುಲಭ ಎಂದುಕೊಂಡವರು ಒಂದು ಬೆಳಗ್ಗೆ ಆ ಸ್ಟೂಲಿನ ಮೇಲೆ ಕೂತರೆ ಸಾಕು. ಮನೆಯ ಕಸ ಗುಡಿಸುವ ಹಾಗೆ ಅವಳು ಕೊಲ್ಲಿಯನ್ನು ನೋಡುತ್ತಿದ್ದಳು. ಮೂಲೆಯಿಂದ ಶುರು, ಪಟ್ಟಿ ಪಟ್ಟಿಯಾಗಿ, ಒಂದು ಹಿಡಿಯಷ್ಟೂ ಬಿಡದೆ ದಡದಿಂದ ಆಚೆಗೆ, ಆಚೆಯಿಂದ ಮತ್ತೆ ದಡಕ್ಕೆ. ಮೋಡದ ನೆರಳು ಗಾಳಿಯ ಜೊತೆ ಹೋಗುತ್ತದೆ. ಕಡಲಪಾಚಿಯ ಗುಪ್ಪೆ ಅಲೆಯ ಜೊತೆ ತೂಗುತ್ತದೆ. ಮೀನಿನ ಹಿಂಡು ಅಂಚಿನಲ್ಲಿ ನಡುಗುತ್ತದೆ. ಗಾಳಿ, ಅಲೆ ಯಾವುದರ ಮಾತನ್ನೂ ಕೇಳದೆ ತನ್ನ ಪಾಡಿಗೆ ತಾನು ಒಂದೇ ಹದದಲ್ಲಿ ಸಾಗುವ ನೆರಳು ಕಂಡರೆ ಅವಳ ಕೈ ತಾನಾಗಿ ಗುಂಡಿಯ ಕಡೆ ಹೋಗುತ್ತಿತ್ತು.

ಬಿಳಿ ಶಾರ್ಕ್ ಎಂಬ ಹೆಸರಿದ್ದರೂ ಮೇಲಿನಿಂದ ಅದು ಬಿಳಿಯಲ್ಲ. ಬೆನ್ನು ಬಂಡೆಯ ಬಣ್ಣ, ಹೊಟ್ಟೆ ಮಾತ್ರ ಹಾಲು. ಕೆಳಗಿನಿಂದ ನೋಡುವ ಮೀನಿಗೆ ಅದು ಆಕಾಶ, ಮೇಲಿನಿಂದ ನೋಡುವ ಹಕ್ಕಿಗೆ ಅದು ತಳ. ಗುಡ್ಡದ ಮೇಲೆ ಕೂತವಳಿಗೆ ಕಪ್ಪು ಕಂಡರೆ ಅದು ಜೀವಂತ. ಬಿಳಿ ಕಂಡರೆ ಹೊಟ್ಟೆ ಮೇಲಾಗಿದೆ, ಕತೆ ಮುಗಿದಿದೆ ಎಂದರ್ಥ.

ಈ ಕೆಲಸಕ್ಕೆ ಅವಳನ್ನು ಹಚ್ಚಿದ್ದು ಅಣ್ಣನ ಕಾಲು. ಅವನಿಗೆ ಮೀಸೆ ಮೂಡುತ್ತಿದ್ದ ವಯಸ್ಸು. ಕೊಲ್ಲಿಯಲ್ಲಿ ಲಂಗರು ಹಾಕಿ ತೇಲಿಬಿಟ್ಟ ಕೆಂಪು ಪೀಪಾಯಿಯವರೆಗೆ ಈಜಿ ಹಿಂದಿರುಗುತ್ತಿದ್ದಾಗ ಕೆಳಗಿನಿಂದ ಏನೋ ಬಂದು ಬಲಗಾಲನ್ನು ಹಿಡಿಯಿತು, ಒಮ್ಮೆ ಜಾಡಿಸಿತು, ಬಿಟ್ಟಿತು. ಮೊಣಕಾಲಿನ ಕೆಳಗೆ ಉಳಿದದ್ದನ್ನು ಆಸ್ಪತ್ರೆಯಲ್ಲಿ ತೆಗೆದರು. ಗಾಯ ಆರಿದ ಮೇಲೆ ಅವನು ಮಾಡಿದ ಮೊದಲ ಕೆಲಸ, ಊರುಗೋಲನ್ನು ಮರಳಿನಲ್ಲಿ ನೆಟ್ಟು ಮತ್ತೆ ನೀರಿಗೆ ಇಳಿದದ್ದು. ಅಮ್ಮ ಎದೆ ಬಡಿದುಕೊಂಡಳು. ತಂಗಿ ಅಳಲಿಲ್ಲ. ಗುಡ್ಡ ಹತ್ತಿದಳು.

"ನಾನು ಮೇಲೆ ಕೂತಿದ್ದಾಗ ಮಾತ್ರ ಇಳೀಬೇಕು," ಎಂದಳು. "ನಾನು ಕಂಡದ್ದನ್ನ ನಿನಗೆ ತೋರಿಸ್ತೀನಿ. ಮುಚ್ಚಿಡಲ್ಲ. ಆಣೆ."

ಆಗ ಬಾವುಟ ಇರಲಿಲ್ಲ, ಹಳೆಯ ಹಾಸಿಗೆಯ ಬಟ್ಟೆ ಬೀಸುತ್ತಿದ್ದಳು. ಊರು ಅದನ್ನು ನೋಡಿತು. ಒಬ್ಬೊಬ್ಬರಾಗಿ ಅವಳು ಕೂತಿರುವ ಹೊತ್ತಿಗೇ ಈಜಲು ಬರತೊಡಗಿದರು. ಕೆಲವು ವರ್ಷಗಳ ಮೇಲೆ ಪುರಸಭೆ ತಗಡಿನ ಗೂಡು ಕಟ್ಟಿಸಿ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು. ಅಂದಿನಿಂದ ಕೊಲ್ಲಿಯಲ್ಲಿ ಯಾರಿಗೂ ಒಂದು ಗೀರೂ ಬಿದ್ದಿರಲಿಲ್ಲ. ಪ್ರತಿ ಬೆಳಗ್ಗೆ ಅಣ್ಣ ಪೀಪಾಯಿ ಮುಟ್ಟಿ, ಅಂಗಾತ ಮಲಗಿ, ಗುಡ್ಡದ ಕಡೆಗೆ ಒಂದು ಕೈ ಎತ್ತುತ್ತಿದ್ದ. ಅವಳು ಬಾವುಟವನ್ನು ಒಂದು ಮೊಳ ಇಳಿಸಿ ಮತ್ತೆ ಏರಿಸುತ್ತಿದ್ದಳು. ಅಣ್ಣತಂಗಿಯರ ದಿನದ ಮಾತು ಅಲ್ಲಿಗೆ ಅರ್ಧ ಮುಗಿದಂತೆ.

ಅಣ್ಣನದು ದಡದ ರಸ್ತೆಯಲ್ಲಿ ರಿಪೇರಿ ಅಂಗಡಿ. ಮುಳುಗುಗಾರರ ರಬ್ಬರ್ ಅಂಗಿ, ದೋಣಿಯ ಹಾಯಿ, ಚೀಲ, ಚಪ್ಪಲಿ, ಹರಿದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಅಂಟಿನ ವಾಸನೆ, ಮೇಣ ತಿಕ್ಕಿದ ದಾರ, ಗೋಡೆಯಲ್ಲಿ ದಪ್ಪ ರಬ್ಬರನ್ನೂ ಹಗ್ಗವನ್ನೂ ಒಂದೇ ಎಳೆತಕ್ಕೆ ಸೀಳುವ ಬಾಗಿದ ಚಾಕು. ಹೊಸಬರು ಕಾಲಿನ ಬಗ್ಗೆ ಕೇಳಿದರೆ ಅವನು ಹೊಲಿಗೆ ನಿಲ್ಲಿಸದೆ ಹೇಳುತ್ತಿದ್ದ: "ಅದಕ್ಕೆ ಬೇಕಾಗಿದ್ದದ್ದು ಕಡಲನಾಯಿ, ಸಿಕ್ಕಿದ್ದು ನಾನು. ಬಾಯಿಗಿಟ್ಟು ನೋಡ್ತು, ಬರೀ ಮೂಳೆ ಅಂತ ಉಗುಳ್ತು. ಇಷ್ಟು ಅವಮಾನ ನಂಗೆ ಇನ್ನೊಮ್ಮೆ ಆಗಿಲ್ಲ."

ಆ ದಿನಗಳಲ್ಲಿ ಶಾರ್ಕ್‌ಗಳು ಹಂಗಾಮು ತಪ್ಪದೆ ಬರುತ್ತಿದ್ದವು. ಕೊಲ್ಲಿಯಾಚೆಯ ಬಂಡೆಯ ಮೇಲೆ ಸೀಲ್‌ಗಳ ವಸತಿ. ಊರಿನವರು ಅವುಗಳನ್ನು ಕಡಲನಾಯಿ ಎನ್ನುತ್ತಿದ್ದರು. ಮರಿಗಳು ಮೊದಲ ಸಲ ನೀರಿಗೆ ಬೀಳುವ ತಿಂಗಳಲ್ಲಿ ಶಾರ್ಕ್ ಅಲ್ಲಿ. ಬಿಸಿಲು ಏರಿದ ಮೇಲೆ ಮೀನಿನ ಬೆನ್ನು ಹತ್ತಿ ದಡದ ಹತ್ತಿರ. ಅವುಗಳ ಬೆನ್ನಿನ ರೆಕ್ಕೆಯ ಫೋಟೋ ತೆಗೆಯಲು ಸಂಶೋಧನೆಯ ಹೆಂಗಸೊಬ್ಬಳು ದೋಣಿ ಹಾಕಿಕೊಂಡು ಬರುತ್ತಿದ್ದಳು. ಊರು ಅವಳಿಗೆ ಫೋಟೋ ಮೇಡಂ ಎಂದು ಹೆಸರಿಟ್ಟಿತ್ತು. ರೆಕ್ಕೆಯ ಹಿಂಬದಿಯ ಕಚ್ಚುಗಳು ಒಂದೊಂದು ಶಾರ್ಕ್‌ಗೆ ಒಂದೊಂದು ಥರ, ನಮ್ಮ ಹೆಬ್ಬೆರಳಿನ ಗೆರೆಯ ಹಾಗೆ ಎಂದು ತೋರಿಸಿಕೊಟ್ಟವಳು ಅವಳೇ. ಹಾಗೆ ಗುರುತು ಸಿಕ್ಕಿದವಳು ದೊಡ್ಡಕ್ಕ, ಒಂದು ಹೆಣ್ಣು ಶಾರ್ಕ್. ರೆಕ್ಕೆಯ ತುದಿ ಇಲಿ ಕಡಿದ ರೊಟ್ಟಿಯಂತೆ. ಮೈ ಅಣ್ಣನ ದೋಣಿಯನ್ನು ಎರಡು ಸಲ ಅಳೆಯುವಷ್ಟು ಉದ್ದ.

"ಇವಳಿಗೆ ಎಷ್ಟು ಮಕ್ಕಳಿರಬಹುದು ಮೇಡಂ?" ಎಂದು ಬಾವುಟದಕ್ಕ ಒಮ್ಮೆ ಕೇಳಿದ್ದಳು.

"ನೀವು ಅಂದುಕೊಂಡಷ್ಟು ಇರಲ್ಲ ಅಕ್ಕ. ಹೆಣ್ಣು ಮರಿ ಹಾಕೋ ಹೊತ್ತಿಗೆ ಮೂವತ್ತು ವರ್ಷ ದಾಟಿರತ್ತೆ. ಒಂದು ವರ್ಷಕ್ಕಿಂತ ಜಾಸ್ತಿ ಬಸಿರು. ಒಂದು ಸಲಕ್ಕೆ ಕೈಬೆರಳಲ್ಲಿ ಎಣಿಸೋಷ್ಟು ಮರಿ. ಹುಟ್ಟಿದ ಮೇಲೆ ತಾಯಿ ತಿರುಗಿ ನೋಡಲ್ಲ."

"ಮತ್ತೆ ಇಷ್ಟು ಹೆದರ್ತೀವಲ್ಲ ನಾವು, ಸಾವಿರಾರು ಇರೋ ಹಾಗೆ?"

"ಒಂದು ಸತ್ರೆ ಅದರ ಜಾಗ ತುಂಬೋಕೆ ಒಬ್ಬ ಮನುಷ್ಯನ ಅರ್ಧ ಆಯುಸ್ಸು ಬೇಕು," ಎಂದಿದ್ದಳು ಮೇಡಂ.

ದೊಡ್ಡಕ್ಕನೇ ಅಣ್ಣನ ಕಾಲು ಹಿಡಿದವಳೆಂದು ಊರಿನ ನಂಬಿಕೆ. ಅದಕ್ಕೆ ಸಾಕ್ಷಿ ಇರಲಿಲ್ಲ. ಆದರೂ ಅವಳು ಬಂದ ದಿನ ಬಿಳಿ ಬಾವುಟ ಕಂಡು ದಡಕ್ಕೆ ಬಂದ ಅಣ್ಣ, ಮೈ ಒರೆಸಿಕೊಳ್ಳುತ್ತ ನೀರಿನ ಕಡೆ ಕೈ ತೋರಿಸಿ, "ನಮ್ಮ ಮನೆ ಉಪ್ಪು ತಿಂದವಳು, ಎಲ್ಲಿ ಹೋಗ್ತಾಳೆ, ಬರಲೇಬೇಕು," ಎನ್ನುತ್ತಿದ್ದ.

ಆಮೇಲೆ ಒಂದು ವರ್ಷ ಅವಳು ಬಂದಳು, ಸತ್ತು.

ಬೆಳಗಿನ ಇಳಿತದಲ್ಲಿ ಬಾವುಟದಕ್ಕನಿಗೆ ಪೀಪಾಯಿಯ ಆಚೆ ಬಿಳಿ ಕಂಡಿತು. ಮೊದಲು ನೊರೆ ಅಂದುಕೊಂಡಳು. ನೊರೆ ಒಡೆಯುತ್ತದೆ, ಇದು ಒಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಲೆಗಳು ಅದನ್ನು ತಳ್ಳಿ ತಳ್ಳಿ ಮರಳಿಗೆ ತಂದವು. ಕಡಿದ ರೊಟ್ಟಿಯಂಥ ಆ ರೆಕ್ಕೆ ಮರಳಲ್ಲಿ ಒಂದು ಕಡೆಗೆ ವಾಲಿತ್ತು. ಎದೆಯ ಎರಡು ರೆಕ್ಕೆಗಳ ನಡುವೆ ಯಾರೋ ಬಾಗಿಲು ತೆಗೆದಂತೆ ಒಂದು ಸೀಳು. ಮೈಯಲ್ಲಿ ಬೇರೆಲ್ಲೂ ಗಾಯವಿಲ್ಲ. ಫೋಟೋ ಮೇಡಂ ಕೈಗವಸು ಹಾಕಿ ಒಳಗೆ ತಡಕಿ ಎದ್ದು ನಿಂತಳು.

"ಯಕೃತ್ತು ಇಲ್ಲ," ಎಂದಳು. "ಓರ್ಕಾಗಳು, ಕೊಲೆಗಾರ ತಿಮಿಂಗಿಲ ಅಂತಾರಲ್ಲ, ಅವು. ಅವಕ್ಕೆ ಬೇಕಾದ್ದು ಅದೊಂದೇ, ಕೊಬ್ಬು ತುಂಬಿರೋದು ಅಲ್ಲೇ. ಅದನ್ನ ತಗೊಂಡು ಉಳಿದದ್ದನ್ನ ಬಿಟ್ಟು ಹೋಗ್ತವೆ."

"ಇವಳನ್ನೂ ತಿನ್ನೋರು ಇದ್ದಾರಾ?" ಎಂದ ಗುಂಪಿನಲ್ಲಿ ಯಾರೋ. ದನಿಯಲ್ಲಿ ನಗುವಿತ್ತು, ಆದರೆ ಯಾರೂ ಜೊತೆಗೂಡಲಿಲ್ಲ.

ಅಣ್ಣ ಊರುಗೋಲು ಕೆಳಗಿಟ್ಟು ಮರಳಲ್ಲಿ ಕೂತ. ದೊಡ್ಡಕ್ಕನ ಮೂತಿಯ ಮೇಲೆ ಕೈಯಿಟ್ಟ. ಅಲ್ಲೆಲ್ಲ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ರಂಧ್ರಗಳು. ನೀರಿನಲ್ಲಿ ಇನ್ನೊಂದು ಜೀವದ ಗುಂಡಿಗೆಯ ಮಿಡಿತದ ಮಿಂಚನ್ನೂ ಅವು ಹಿಡಿಯುತ್ತವೆ ಎಂದು ಮೇಡಂ ಹಿಂದೊಮ್ಮೆ ಹೇಳಿದ್ದಳು. ಅವನು ಕೈ ತೆಗೆಯಲಿಲ್ಲ. ಹೆಗಲ ಮೇಲೆ ತಂಗಿಯ ಕೈ ಬಿದ್ದಾಗ, "ಇವಳೂ ಹೋದ್ಲಲ್ಲೇ. ನನ್ನ ಕಾಲು ಇನ್ನು ಯಾರ ಹತ್ರ ಕೇಳ್ಲಿ?" ಎಂದ. ಅದು ತಮಾಷೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಶಾರ್ಕ್ ಬರಲಿಲ್ಲ. ಒಂದು ಸತ್ತ ಕಡೆ ಉಳಿದವು ನಿಲ್ಲುವುದಿಲ್ಲ, ಎಂದು ತಿರುಗುತ್ತವೋ ಹೇಳಲಾಗದು ಎಂದಳು ಮೇಡಂ. ಹಂಗಾಮು ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಬಂಡೆಯ ಕಡಲನಾಯಿಗಳು ಮೈಮರೆತು ಕೊಲ್ಲಿಯ ನಡುವೆ ಬಂದು ಮಲಗತೊಡಗಿದವು. ಊರಿಗೆ ಹಬ್ಬದಂಥ ಉತ್ಸಾಹ. "ಪೀಡೆ ತೊಲಗಿತು ಅಕ್ಕ, ನೀನಿನ್ನು ಕಾಲು ಚಾಚಿ ಮಲಗು," ಎಂದು ಕೆಳಗಿನಿಂದ ಕೂಗುತ್ತಿದ್ದರು. ಅವಳು ಮಾತ್ರ ಹಸಿರು ಬಾವುಟ ಏರಿಸಿದ ಮೇಲೂ ಮತ್ತೆ ಮೂಲೆಯಿಂದ ನೋಡಲು ಶುರು ಮಾಡುತ್ತಿದ್ದಳು. ಇಷ್ಟು ವರ್ಷ ಅವಳು ಹುಡುಕಿದ್ದು ಒಂದು ನೆರಳನ್ನು. ಆ ನೆರಳೇ ಹೆದರಿ ಓಡಿಹೋದ ನೀರನ್ನು ಹೇಗೆ ನೋಡಬೇಕು ಎಂಬುದು ಅವಳಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಗಡಿಯಾರ ನಿಂತ ಮೇಲೆ ಅದರ ಟಿಕ್‌ಟಿಕ್ ಕೇಳಿಸುವಂತೆ, ಖಾಲಿ ಕೊಲ್ಲಿಯಲ್ಲಿ ಅವಳಿಗೆ ಇಲ್ಲದ ಶಾರ್ಕ್‌ಗಳೇ ಹೆಚ್ಚು ಕಾಣುತ್ತಿದ್ದವು.

ಆ ವರ್ಷ ಪುರಸಭೆಗೆ ಹೊಸ ಅಧ್ಯಕ್ಷರು. ಐಸ್ ಫ್ಯಾಕ್ಟರಿಯ ಯಜಮಾನರು, ಕೆಟ್ಟವರಲ್ಲ, ಯಾರ ಮನೆಯ ಸಾವಿಗೂ ಮೊದಲು ಬಂದು ಕುರ್ಚಿ ಹಾಕಿಸುವವರು. ದಿನಾ ಬೆಳಗ್ಗೆ ಹಳದಿ ಟೋಪಿ ಹಾಕಿಕೊಂಡು ಈಜುತ್ತಿದ್ದರು. ದಡದಲ್ಲಿ ದೊಡ್ಡ ಹೋಟೆಲ್ ಏಳುತ್ತಿತ್ತು. ಬರುವವರಿಗೆ ಭರವಸೆ ಬೇಕಿತ್ತು. ಸಭೆಯಲ್ಲಿ ಅವರು ಬಾವುಟದಕ್ಕನನ್ನು ಮುಂದೆ ಕೂರಿಸಿ ಹೇಳಿದರು: "ಅಕ್ಕ, ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ. ಆದ್ರೆ ಕಣ್ಣು ರೆಪ್ಪೆ ಬಡಿಯತ್ತೆ, ಬಲೆ ಬಡಿಯಲ್ಲ. ಬಲೆ ತರಿಸಿ ಶೆಡ್ಡಲ್ಲಿ ಇಟ್ಟಿರ್ತೀವಿ. ಶಾರ್ಕ್ ಬರದೆ ಇದ್ರೆ ಒಳ್ಳೇದು. ಇನ್ನೊಂದು ಸಲ ನಿಮ್ಮ ಬಿಳಿ ಬಾವುಟ ಏರ್ತೋ, ಅವತ್ತೇ ಬಲೆ ನೀರಿಗೆ."

"ಬಲೆ ಅಂದ್ರೆ ಗೋಡೆ ಅಂದುಕೊಂಡಿದ್ದೀರಿ," ಎಂದು ಫೋಟೋ ಮೇಡಂ ಎದ್ದು ನಿಂತಳು. "ಅದು ತಳ ಮುಟ್ಟಲ್ಲ, ಎರಡು ತುದೀಲೂ ತೆರೆದಿರತ್ತೆ. ಶಾರ್ಕ್ ಪಕ್ಕದಿಂದ ಬರಬಹುದು, ಅಡಿಯಿಂದ ಬರಬಹುದು. ಎಷ್ಟೋ ಸಲ ಒಳಗೆ ಬಂದು, ವಾಪಸ್ ಹೋಗುವಾಗ ಸಿಕ್ಕಿಬೀಳ್ತವೆ. ಈಜ್ತಾ ಇದ್ರೇನೇ ಅವಕ್ಕೆ ಉಸಿರು. ನಿಲ್ಲಿಸಿದ್ರೆ ಸತ್ತ ಹಾಗೆ. ಬಲೆ ತಡೆಯೋದಿಲ್ಲ ಸಾರ್, ಕೊಲ್ಲತ್ತೆ ಅಷ್ಟೇ."

"ಶಾರ್ಕ್ ಹಿಡಿಯೋದು ಅಪರಾಧ ಅಲ್ವಾ?" ಎಂದರು ಯಾರೋ.

"ಅಪರಾಧವೇ. ಆದ್ರೆ ಜನ ಈಜೋ ಕಡೆ ಬಲೆ ಹಾಕಬಹುದು ಅಂತ ಆ ಕಾನೂನಲ್ಲೇ ಒಂದು ಕಿಂಡಿ ಇದೆ," ಎಂದು ಮೇಡಂ ಕೂತುಬಿಟ್ಟಳು.

ಲಾರಿಯಲ್ಲಿ ಬಲೆ ಬಂತು. ಗುಡ್ಡದ ಕೆಳಗಿನ ಶೆಡ್ಡಿನಲ್ಲಿ ಅದರ ಸುರುಳಿಗಳು ಮಲಗಿದ ದನಗಳಂತೆ ಬಿದ್ದುಕೊಂಡವು. ಬಲೆಯನ್ನು ತೇಲಿಸುವ ಬೆಂಡುಗಳನ್ನು ಅದರ ಅಂಚಿನ ಹಗ್ಗಕ್ಕೆ ಹೊಲಿದು ಕಟ್ಟಬೇಕಿತ್ತು. ಊರಿನಲ್ಲಿ ಅಂಥ ಕೆಲಸ ಬಲ್ಲವನು ಒಬ್ಬನೇ. ಅಣ್ಣ ಒಪ್ಪಿಕೊಂಡ.

ಅಂದು ಸಂಜೆ ಅವಳು ಅಂಗಡಿಯ ಹೊಸ್ತಿಲಲ್ಲಿ ನಿಂತು ನೋಡಿದಳು. ಅವನ ತೊಡೆಯ ಮೇಲೆ ಬಲೆ, ಸುತ್ತ ಕುಂಬಳಕಾಯಿಗಳಂತೆ ಹಳದಿ ಬೆಂಡುಗಳು.

"ನಿನ್ನ ಕೈಯಲ್ಲೇ ಆಗಬೇಕಾ ಇದು?"

"ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ. ನೆಟ್ಟಗೆ ಮಾಡಲ್ಲ, ಬಿಚ್ಚಿಕೊಂಡು ಹೋಗಿ ಎಲ್ಲೋ ತೇಲಿ ಇನ್ನಷ್ಟು ಜೀವ ತಗೊಳ್ಳತ್ತೆ. ಅವು ಬರಲ್ವಲ್ಲೇ ಹೇಗೂ. ಬಲೆ ಶೆಡ್ಡಲ್ಲೇ ಕೊಳೀತದೆ."

"ಬಂದ್ರೆ?"

ಅವನು ದಾರಕ್ಕೆ ಮೇಣ ತಿಕ್ಕಿದ. "ಕಾಲು ಕೊಟ್ಟವನು ನಾನು. ನಿಂಗೆ ಯಾಕೆ ಇಷ್ಟು ಉರಿ?"

ಆ ಮಾತಿಗೆ ಅವಳು ಹಿಂದಿರುಗಿ ನಡೆದಳು. ಮರುದಿನ ಅವನು ಪೀಪಾಯಿಯ ಹತ್ತಿರ ಕೈ ಎತ್ತಿದಾಗ ಬಾವುಟ ಒಂದು ಮೊಳ ಇಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಅವನು ಮಾತ್ರ ಎತ್ತುವುದನ್ನು ಬಿಡಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಆ ನೆರಳು ಬಂತು.

ಗಾಳಿ ಸತ್ತಿತ್ತು. ಕಡಲು ಎಣ್ಣೆ ಹಾಕಿ ಒರೆಸಿದ ಹಲಗೆಯಂತಿತ್ತು. ಅವಳ ಕಣ್ಣು ಮೂಲೆಯಿಂದ ಶುರು ಮಾಡಿ ಮೂರನೆಯ ಪಟ್ಟಿಗೆ ಬಂದಾಗ ಅದು ಅಲ್ಲಿತ್ತು, ಒಂದೇ ಹದದಲ್ಲಿ, ಯಾರ ಮಾತನ್ನೂ ಕೇಳದೆ. ಚಿಕ್ಕದು. ರೆಕ್ಕೆಯ ಅಂಚು ಇನ್ನೂ ನುಣುಪು, ಒಂದು ಕಚ್ಚೂ ಬಿದ್ದಿಲ್ಲ. ಸೀಲ್ ಹಿಡಿಯುವಷ್ಟು ದವಡೆ ಬಲಿಯದ, ಮೀನು ತಿಂದು ಬದುಕುವ ಪ್ರಾಯ. ಅವಳ ಕಣ್ಣಲ್ಲಿ ನೀರು ಬಂತು; ನೀರು ಬಂದರೆ ಕಾಣುವುದಿಲ್ಲವೆಂದು ತೋಳಿನಿಂದ ಒತ್ತಿಕೊಂಡಳು. ಬಲಗೈ ಗುಂಡಿಯ ಮೇಲಿತ್ತು.

ನೀರಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಅಣ್ಣ ದಡದಲ್ಲಿ ಊರುಗೋಲು ನೆಡುತ್ತಿದ್ದ.

ಅವಳು ಗುಂಡಿಯಿಂದ ಕೈ ತೆಗೆದಳು. ಹೊರಗೆ ಹೋಗಿ ಕಪ್ಪು ಬಾವುಟ ಏರಿಸಿದಳು.

ತಳದ ಮರಳಿನ ಗೆರೆಗಳನ್ನೂ ಎಣಿಸಬಹುದಾದ ನೀರಿನ ಮೇಲೆ, ನನಗೆ ಕಾಣುತ್ತಿಲ್ಲ ಎಂಬ ಬಾವುಟ. ಯಾರೂ ಇಳಿಯಬಾರದು, ಬಲೆಯೂ ಇಳಿಯಬಾರದು. ಎರಡಕ್ಕೂ ಸರಿಹೋಗುವ ಸುಳ್ಳು ಮೂರು ಬಾವುಟಗಳಲ್ಲಿ ಅದೊಂದೇ. ದಡದಲ್ಲಿ ನಿಂತವರು ಕಡಲನ್ನು ನೋಡಿದರು, ಬಾವುಟ ನೋಡಿದರು, ಮತ್ತೆ ಕಡಲನ್ನು ನೋಡಿದರು. ವಾಪಸು ಹೋದರು. ಮರುದಿನವೂ ಕಪ್ಪು. ಅದರ ಮರುದಿನವೂ. ಚಹಾದ ಅಂಗಡಿಯಲ್ಲಿ ಮಾತು ಎದ್ದಿತು. ಬಾವುಟದಕ್ಕನಿಗೆ ಪೊರೆ ಬಂದಿದೆಯಂತೆ. ವಯಸ್ಸಾಯಿತಲ್ಲ, ಪಾಪ. ಆಗುತ್ತೆ.

ಆಮೇಲೆ ಒಂದು ದಿನ ಅಣ್ಣ ಗುಡ್ಡ ಹತ್ತಿ ಬಂದ. ಊರುಗೋಲು ಮೆಟ್ಟಿಲ ಮೇಲೆ ಟಕ್ ಟಕ್ ಎನ್ನುವುದು ಅವಳಿಗೆ ಕೇಳಿಸುತ್ತಲೇ ಇತ್ತು. ಅವಳು ತಿರುಗಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಟ್ಟ.

"ಕಡಲು ಕನ್ನಡಿ ಥರ ಇದೆ. ಕಪ್ಪು ಯಾಕೆ?"

"ತಳ ಕಾಣ್ತಿಲ್ಲ."

"ನನ್ನ ಬೆನ್ನ ಮೇಲಿನ ಮಚ್ಚೆ ಇಲ್ಲಿಂದ ಕಾಣತ್ತೆ ಅಂತಿದ್ದೆ."

"ಆಗ ಕಾಣ್ತಿತ್ತು."

ಅವನು ಮೊಳೆಯಿಂದ ದುರ್ಬೀನು ತೆಗೆದುಕೊಂಡ. ಅವಳು ತಡೆಯಲಿಲ್ಲ. ಅವನಿಗೆ ಪಟ್ಟಿ ಪಟ್ಟಿಯಾಗಿ ನೋಡಲು ಬಾರದು. ಬಹಳ ಹೊತ್ತು ಹಿಡಿಯಿತು. ಆಮೇಲೆ ಅವನ ಕೈ ನಿಂತಿತು.

"ಎಷ್ಟು ದೊಡ್ಡದು?"

"ನಿನ್ನ ದೋಣಿಗಿಂತ ಚಿಕ್ಕದು. ಕೂಸು."

"ನನಗೆ ಮುಚ್ಚಿಡಲ್ಲ ಅಂತ ಆಣೆ ಹಾಕಿದ್ದೆ."

"ನಿನ್ನ ನೀರಿಗೆ ಬಿಡಲಿಲ್ಲವಲ್ಲ."

"ಹೇಳದೆ ಇದ್ರೆ ಯಾರಾದ್ರೂ ಇಳೀತಾರೆ ತಂಗಿ."

"ಹೇಳಿದ್ರೆ ನೀನು ಹೊಲಿದದ್ದು ಇಳಿಯತ್ತೆ."

ಅವನು ದುರ್ಬೀನನ್ನು ಮೊಳೆಗೆ ಹಾಕಿದ. ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಸಿಕ್ಕಿತು. ಫ್ಲಾಸ್ಕಿನಿಂದ ತಾನೇ ಚಹಾ ಬಗ್ಗಿಸಿಕೊಂಡು ಕುಡಿದ. ಇಳಿಯುವ ಮೊದಲು, "ಕಪ್ಪು ಬಾವುಟಕ್ಕೆ ಜನ ಎಷ್ಟು ದಿನ ಹೆದರ್ತಾರೆ ಅಂದುಕೊಂಡಿದ್ದೀಯ?" ಎಂದ.

ಉತ್ತರ ಆ ವಾರದಲ್ಲೇ ಬಂತು. ಕಪ್ಪು ಬಾವುಟ ಗಾಳಿಯಲ್ಲಿ ಪಟಪಟನೆ ಬಡಿಯುತ್ತಿರುವಾಗಲೇ ಒಂದು ಹಳದಿ ಟೋಪಿ ಅಲೆ ದಾಟಿತು. ಅಧ್ಯಕ್ಷರು. ದಡದಲ್ಲಿ ನಿಂತವರಿಗೆ ಅವರು ಕೈಯಾಡಿಸಿ, "ಬನ್ರೋ, ಪಾಪ ಅಕ್ಕನಿಗೆ ಕಾಣಲ್ಲ, ನಮಗೆ ಕಾಣತ್ತಲ್ಲ!" ಎಂದು ಕೂಗಿದರಂತೆ. ಅದು ಅವಳಿಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟು: ಹಳದಿ ಟೋಪಿ ಪೀಪಾಯಿಯ ಕಡೆ ಹೋಗುತ್ತಿದೆ. ಅದರ ಹಿಂದೆ ಇನ್ನೂ ನಾಲ್ಕಾರು ತಲೆಗಳು ನೀರಿಗೆ ಇಳಿದಿವೆ. ಎಡಗಡೆಯಿಂದ ನೆರಳು ಒಂದೇ ಹದದಲ್ಲಿ ಬಂದು, ಹಳದಿಯ ಕೆಳಗೆ ಹಾದು, ಮುಂದೆ ಹೋಗಿ, ತಿರುಗಿತು.

ಬಿಳಿ ಶಾರ್ಕ್ ತಿರುಗುವುದು ಕುತೂಹಲಕ್ಕೂ ಇರಬಹುದು. ಕೂಸೂ ಹೌದು. ಅವಳಿಗೆ ಅದೆಲ್ಲ ಗೊತ್ತಿತ್ತು. ಹಾಗೆಯೇ ಅಣ್ಣನ ಕಾಲೂ ಗೊತ್ತಿತ್ತು. ಅವಳು ಯೋಚಿಸಲಿಲ್ಲ. ಗುಂಡಿ ಒತ್ತಿದಳು. ಸೈರನ್ ಅಷ್ಟು ದಿನದ ಧೂಳನ್ನು ಕೆಮ್ಮಿ ಕೂಗಿತು. ಕಪ್ಪನ್ನು ಕಿತ್ತೆಸೆದು ಬಿಳಿಯನ್ನು ಏರಿಸುವಾಗ ಹಗ್ಗ ಅವಳ ಅಂಗೈ ಸುಲಿಯಿತು. ಎಲ್ಲರೂ ದಡ ಸೇರಿದರು. ಅಧ್ಯಕ್ಷರು ಮರಳಲ್ಲಿ ಅಂಗಾತ ಬಿದ್ದು ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ ಗುಡ್ಡದ ಕಡೆ ತಿರುಗಿ ಕೈ ಮುಗಿದರು. ಆಮೇಲೆ ಶೆಡ್ಡಿನ ಬೀಗದ ಕೈ ತರಿಸಿದರು.

ಕತ್ತಲಾಗುವುದರೊಳಗೆ ಬಲೆ ನೀರಿನಲ್ಲಿತ್ತು. ಪೀಪಾಯಿಯ ಈಚೆಗೆ, ಕೊಲ್ಲಿಗೆ ಹಾಕಿದ ಹೊಲಿಗೆಯಂತೆ ಹಳದಿ ಬೆಂಡುಗಳ ಸಾಲು. ಬಾವುಟದಕ್ಕನಿಗೆ ತಿಂಗಳ ಕೊನೆಯವರೆಗೆ ಮಾತ್ರ ಕೆಲಸ, ಅಷ್ಟು ದಿನ ಹಸಿರು ಏರಿಸಿದರೆ ಸಾಕು ಎಂದು ಹೇಳಿ ಕಳಿಸಿದರು. ಅವಳು ಅಧ್ಯಕ್ಷರ ಜೀವ ಉಳಿಸಿದ್ದಳು, ಅದಕ್ಕೆ ಸನ್ಮಾನವೂ ಇದೆ ಎಂದರು.

ಮೂರು ಬೆಳಗು ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ, ಸೂರ್ಯ ನೀರಿನಿಂದ ಪೂರ್ತಿ ಬಿಡಿಸಿಕೊಳ್ಳುವ ಮೊದಲೇ, ನಡುವಿನ ಬೆಂಡೊಂದು ಗುಳುಕ್ಕೆಂದು ಮುಳುಗಿತು. ಅದರ ಪಕ್ಕದ್ದು. ಅದರ ಪಕ್ಕದ್ದು. ನೀರಿನಡಿ ನೆರಳು ಒದ್ದಾಡುತ್ತಿತ್ತು. ದಡದ ಕಡೆಯಿಂದ ಆಚೆಗೆ ಹೋಗುವಾಗ ಸಿಕ್ಕಿಬಿದ್ದಿತ್ತು. ಮನೆಗೆ ಹೊರಟದ್ದು.

ಅವಳು ಫೋಟೋ ಮೇಡಂಗೆ ಫೋನ್ ಮಾಡಿದಳು. ಮೇಡಂ ಬೇರೆ ದಡದಲ್ಲಿದ್ದಳು. "ಮಧ್ಯಾಹ್ನ ಆಗತ್ತೆ ಅಕ್ಕ. ಅಷ್ಟು ಹೊತ್ತು ಅದು ತಡೆಯಲ್ಲ," ಎಂದಳು.

ನೀರಿನಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ದಡದಲ್ಲಿ ಅಣ್ಣ ಒಬ್ಬನೇ, ಊರುಗೋಲು ನೆಡುತ್ತಿದ್ದ. ಅವಳು ಹಸಿರನ್ನು ಇಳಿಸಿದಳು. ಪೆಟ್ಟಿಗೆಯಿಂದ ಬಿಳಿಯನ್ನು ತೆಗೆದು ಏರಿಸಿದಳು. ಸೈರನ್ ಒತ್ತಲಿಲ್ಲ.

ಅಣ್ಣ ಕತ್ತೆತ್ತಿ ನೋಡಿದ. ಖಾಲಿ ಕಡಲನ್ನು ನೋಡಿದ. ಬೆಂಡುಗಳ ಸಾಲಿನಲ್ಲಿ ಹಲ್ಲು ಬಿದ್ದಂತಿದ್ದ ಜಾಗವನ್ನು ನೋಡಿದ. ಜೀವಮಾನವೆಲ್ಲ ಆ ಬಾವುಟ ಕಂಡೊಡನೆ ನೀರಿನಿಂದ ಹೊರಗೆ ಬಂದವನು, ಅಂಗಡಿಗೆ ಹೋಗಿ ಬಂದು, ಬಾಗಿದ ಚಾಕುವನ್ನು ಹಲ್ಲಲ್ಲಿ ಕಚ್ಚಿಕೊಂಡು, ದೋಣಿಯನ್ನು ಕುಂಟುತ್ತ ನೀರಿಗೆ ತಳ್ಳಿದ.

ಮೇಲಿನಿಂದ ಅವಳಿಗೆ ಅವನ ಬೆನ್ನು ಕಾಣುತ್ತಿತ್ತು. ಮಚ್ಚೆಯೂ. ದೋಣಿ ಎಡಕ್ಕೆ ಜಾರಿದರೆ ಬಾವುಟವನ್ನು ಬಲಕ್ಕೆ ಎಳೆಯುತ್ತಿದ್ದಳು, ಅವನು ತಿದ್ದಿಕೊಳ್ಳುತ್ತಿದ್ದ. ಎಲ್ಲಿ ಕತ್ತರಿಸಬೇಕೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ, ಆ ಹಗ್ಗದ ಒಂದೊಂದು ಗಂಟೂ ಅವನದೇ. ಅಷ್ಟರಲ್ಲಿ ಒದ್ದಾಟ ನಿಂತಿತು. ನೀರಿನಲ್ಲಿ ನೆರಳು ತೆಳುವಾಯಿತು, ವಾಲಿತು, ಅದರ ಜಾಗದಲ್ಲಿ ನಿಧಾನವಾಗಿ ಬಿಳಿ ತೆರೆದುಕೊಂಡಿತು. ಹಾಲಿನಂಥ ಬಿಳಿ. ಅವಳ ಬಾಯಿಂದ ಸದ್ದು ಹೊರಟಿತು, ಮಾತಲ್ಲ. ಅಣ್ಣ ದೋಣಿಯಿಂದ ಅರ್ಧ ಹೊರಗೆ ಬಾಗಿ, ತೋಳು ಪೂರ್ತಿ ಮುಳುಗಿಸಿ ಕುಯ್ಯುತ್ತಿದ್ದ. ಹಗ್ಗ ಬಿಟ್ಟಿತು. ಬೆಂಡುಗಳು ಎಗರಿ ಮೇಲೆ ಬಂದವು. ಬಿಳಿ, ಬಲೆಯಿಂದ ಕಳಚಿ, ಕೆಳಕ್ಕೆ ಇಳಿಯತೊಡಗಿತು.

ಅವಳು ರೆಪ್ಪೆ ಬಡಿಯಲಿಲ್ಲ. ಬಿಳಿ ಒಂದು ಪಟ್ಟಿಯಾಯಿತು. ಪಟ್ಟಿ ಒಂದು ಗೆರೆಯಾಯಿತು. ಗೆರೆ ಅಳಿಸಿತು, ಅಲ್ಲಿ ಬಂಡೆಯ ಬಣ್ಣದ ಬೆನ್ನಿತ್ತು. ಅದು ಒಮ್ಮೆ ತೂಗಿತು, ಬಾಲ ಅಲ್ಲಾಡಿತು, ದೋಣಿಯ ಅಡಿಗೆ ನೇರ ಹೋಯಿತು. ಅವಳು ಕಂಬದ ಹಗ್ಗವನ್ನು ಬಿಗಿಯಾಗಿ ಹಿಡಿದಳು. ದೋಣಿ ಅಲುಗಿತು. ಆಚೆಯ ಕಡೆಯಿಂದ ನೆರಳು ಹೊರಗೆ ಬಂದು, ತನ್ನ ಪಾಡಿಗೆ ತಾನು, ಒಂದೇ ಹದದಲ್ಲಿ, ಆಳದ ಕಡೆಗೆ ಸಾಗಿತು.

ಅಣ್ಣ ದೋಣಿಯಲ್ಲಿ ಬೆನ್ನು ಹಚ್ಚಿ ಮಲಗಿದ. ಗುಡ್ಡದ ಕಡೆಗೆ ಒಂದು ಕೈ ಎತ್ತಿದ. ಅವಳು ಬಾವುಟವನ್ನು ಒಂದು ಮೊಳ ಇಳಿಸಿ ಮತ್ತೆ ಏರಿಸಿದಳು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಅಧ್ಯಕ್ಷರು ಏದುಸಿರು ಬಿಡುತ್ತ ಬಂದು ನಿಂತರು, ಹಳದಿ ಟೋಪಿ ಕೈಯಲ್ಲೇ ಇತ್ತು.

"ಬಿಳಿ ಯಾಕೆ ಏರಿಸಿದಿರಿ? ನೀರಲ್ಲಿ ಯಾರೂ ಇರಲಿಲ್ವಲ್ಲ!"

"ಅದು ಇತ್ತಲ್ಲ ಸಾರ್."

ಅವರು ಗುಡ್ಡದ ಅಂಚಿನಿಂದ ಬಗ್ಗಿ ನೋಡಿದರು. ದೋಣಿ ಕಂಡಿತು, ಕತ್ತರಿಸಿದ ಬಲೆ ಕಂಡಿತು. ಮುಖ ಕೆಂಪಾಯಿತು. "ನಾಳೇನೇ ಹೊಸ ಹಗ್ಗ ಹಾಕಿಸ್ತೀನಿ. ಹೊಲಿಯೋಕೆ ಹೊರಗಿನಿಂದ ಜನ ಕರೆಸ್ತೀನಿ. ನೀವು ಅಣ್ಣತಂಗಿ ಇಬ್ಬರೂ... ಮೊದಲು ಇಳಿಸಿ ಅದನ್ನ."

"ನಮ್ಮಣ್ಣ ಇನ್ನೂ ನೀರಲ್ಲಿದ್ದಾನೆ. ದಡ ಸೇರೋವರೆಗೆ ಇಳಿಸಲ್ಲ."

ಹೇಳುತ್ತಲೇ ಅವಳು ರೂಢಿಯಂತೆ ಮೂಲೆಯಿಂದ ಮತ್ತೆ ಶುರು ಮಾಡಿದಳು. ಮೊದಲ ಪಟ್ಟಿ ಖಾಲಿ. ಎರಡನೆಯದು ಖಾಲಿ. ಅಣ್ಣ ಎದ್ದು ಕೂತು ಹುಟ್ಟು ಹಿಡಿದು ದಡದ ಕಡೆಗೆ ಮುಖ ಮಾಡುತ್ತಿದ್ದ. ಕೊನೆಯ ಪಟ್ಟಿಯಲ್ಲಿ, ಬಲೆಯ ಬಲತುದಿಯಲ್ಲಿ, ಒಂದು ಬೆಂಡು ಗುಳುಕ್ಕೆಂದಿತು.

ಶಾರ್ಕ್‌ಗಳು ಕೊಲ್ಲಿಗೆ ತಿರುಗಿ ಬಂದಿದ್ದವು. ಒಂದೇ ಅಲ್ಲ.

ಅದರ ಪಕ್ಕದ ಬೆಂಡು ಮುಳುಗಿತು. ಅದರ ಪಕ್ಕದ್ದು. ಬಾವುಟದಕ್ಕ ಹಗ್ಗವನ್ನು ಸುಲಿದ ಅಂಗೈಗೆ ಸುತ್ತಿಕೊಂಡು ಬಿಳಿ ಬಾವುಟವನ್ನು ಬಲಕ್ಕೆ ಎಳೆದು ಹಿಡಿದಳು. ಕೆಳಗೆ ಅಣ್ಣ ಕತ್ತೆತ್ತಿ ನೋಡಿದ. ದೋಣಿಯ ಮೂತಿ ದಡದಿಂದ ನಿಧಾನವಾಗಿ ಆಚೆಗೆ ತಿರುಗಿತು.